ತೊಟ್ಟಿಲಿಗೆ ಹಾಕಿದ ಎರಡು ಐದು

ಬೆಳಿಗ್ಗೆ ಆರಕ್ಕೆ, ಬಸ್ಸುಗಳು ಡಿಪೋ ಬಿಡುವ ಮೊದಲು, ಗಾಳಿಯಣ್ಣ ಒಂದು ಕಬ್ಬಿಣದ ಸರಳು ಹಿಡಿದು ಸಾಲಿನುದ್ದಕ್ಕೂ ನಡೆಯುತ್ತಿದ್ದ. ಒಂದೊಂದು ಟೈರಿಗೂ ಒಂದೊಂದು ಏಟು. ಗಾಳಿ ಭರ್ತಿಯಿದ್ದರೆ ಸರಳು ಚಿಮ್ಮಿ ಕೈಗೆ ವಾಪಸು ಬರುತ್ತಿತ್ತು. ಇಳಿದಿದ್ದರೆ ಟೈರು ಏಟನ್ನು ನುಂಗಿ ಸುಮ್ಮನಾಗುತ್ತಿತ್ತು. ಒತ್ತಡ ಅಳೆಯುವ ಮೀಟರು ಜೇಬಿನಲ್ಲೇ ಇರುತ್ತಿತ್ತು. ಅದನ್ನು ಹೊರಗೆ ತೆಗೆಯುತ್ತಿದ್ದದ್ದು ಯಾರಾದರೂ ಅವನ ಮಾತನ್ನು ನಂಬದೆ ಹೋದಾಗ ಮಾತ್ರ. ಹತ್ತೊಂಬತ್ತನೇ ವಯಸ್ಸಿಗೆ ಟೈರ್ ಶೆಡ್ಡಿಗೆ ಕಾಲಿಟ್ಟವನು, ಈಗ ಐವತ್ತೆರಡು. ಮೀಟರು ಅವನನ್ನು ಸುಳ್ಳುಗಾರನನ್ನಾಗಿ ಮಾಡಿದ್ದು ಇಷ್ಟು ವರ್ಷದಲ್ಲಿ ಒಂದೇ ಸಲ. ಆ ಸಲ ಕೆಟ್ಟಿದ್ದದ್ದು ಮೀಟರೇ ಎಂದು ಆಮೇಲೆ ಗೊತ್ತಾಯಿತು. ಈ ಸಂಗತಿಯನ್ನು ಅವನು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದ, ಹಳಬರಿಗೆ ಎರಡೆರಡು ಸಲ ಹೇಳುತ್ತಿದ್ದ.

"ಡಿಪೋದಲ್ಲಿ ಟೈರಿಗೆ ಗಾಳಿ ತುಂಬ್ತಾರೆ, ಮನೇಲಿ ತಮಗೆ ತಾವೇ ತುಂಬ್ಕೋತಾರೆ" ಎನ್ನುತ್ತಿದ್ದಳು ಅವನ ಹೆಂಡತಿ. ಅವಳು ಮನೆಯಲ್ಲೇ ಪರದೆ ಹೊಲಿಯುವವಳು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಒಂದರಲ್ಲಿ ಅರ್ಧಭಾಗ ಹೊಲಿಗೆ ಯಂತ್ರ ಮತ್ತು ಬಟ್ಟೆಯ ಸುರುಳಿಗಳದ್ದೇ ರಾಜ್ಯ. ಗಂಡನ ಜಂಭವನ್ನು ಅವಳು ಸೂಜಿಯಷ್ಟೇ ಹುಷಾರಾಗಿ ಚುಚ್ಚುತ್ತಿದ್ದಳು, ರಕ್ತ ಬಾರದ ಹಾಗೆ.

ಟೈರು ಬಿಟ್ಟರೆ ಅವನಿಗೆ ಹೆಸರು ತಂದುಕೊಟ್ಟದ್ದು ಕ್ರಿಬೇಜ್ ಎಂಬ ಇಸ್ಪೀಟಾಟ. ಅದನ್ನು ಡಿಪೋಗೆ ತಂದವರು ಹಿಂದೆ ಹಡಗಿನಲ್ಲಿ ದುಡಿದು ಬಂದಿದ್ದ ಟೈಂಕೀಪರು. ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು ಎಂದು ಬರೆಯುವುದು ಅವರ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ಮೇಜಿನ ಡ್ರಾಯರಿನಿಂದ ತೂತು ಕೊರೆದ ಒಂದು ಮರದ ಹಲಗೆ ತೆಗೆಯುವುದು ಅವರ ಸಂತೋಷ. ಅಂಕ ಬಂದಷ್ಟು ತೂತು ಮುಂದಕ್ಕೆ ಪುಟ್ಟ ಕಡ್ಡಿ ಚುಚ್ಚುತ್ತಾ ಹೋಗಬೇಕು. ನೂರಾ ಇಪ್ಪತ್ತೊಂದನ್ನು ಮೊದಲು ಮುಟ್ಟಿದವನು ಗೆದ್ದ. ಗಾಳಿಯಣ್ಣ ಆಗ ಇಪ್ಪತ್ತಾರರ ಹುಡುಗ. ಶಾಲೆಯಲ್ಲಿ ಲೆಕ್ಕದ ಮೇಷ್ಟರ ಹತ್ತಿರ ಬೈಗುಳ ತಿಂದು ಬೆಳೆದವನು ಈ ಆಟದಲ್ಲಿ ಮಾತ್ರ, ಎಲೆ ಕಂಡ ತಕ್ಷಣ ಬಾಯಲ್ಲಿ ಅಂಕ ಹೇಳುತ್ತಿದ್ದ.

ಆಟ ಇಬ್ಬರದು. ಇಬ್ಬರಿಗೂ ಆರಾರು ಎಲೆ. ಇಬ್ಬರೂ ನಾಲ್ಕು ಇಟ್ಟುಕೊಂಡು ಎರಡೆರಡು ಎಲೆ ಮುಚ್ಚಿ ಪಕ್ಕಕ್ಕೆ ಹಾಕಬೇಕು. ಹಾಗೆ ಬಿದ್ದ ನಾಲ್ಕು ಎಲೆಯ ಗುಡ್ಡೆಗೆ ಡಿಪೋದವರು ತೊಟ್ಟಿಲು ಎನ್ನುತ್ತಿದ್ದರು. ಯಾರು ಎಲೆ ಹಂಚಿದರೋ ತೊಟ್ಟಿಲು ಅವರದು, ಕೊನೆಗೆ ಅದರ ಅಂಕವೂ ಅವರಿಗೇ. ಒಂದು ಸಲ ಇವನು ಹಂಚಿದರೆ ಮುಂದಿನ ಸಲ ಅವನು. ಆಮೇಲೆ ಕಟ್ಟನ್ನು ಕತ್ತರಿಸಿ ಒಂದು ಎಲೆ ತೆರೆದಿಡುತ್ತಾರೆ, ಅದು ಎಲ್ಲರ ಎಣಿಕೆಗೂ ಸೇರುತ್ತದೆ. ಎಣಿಸುವ ಮೊದಲು ಇಬ್ಬರೂ ಸರದಿಯಂತೆ ಒಂದೊಂದೇ ಎಲೆ ಇಳಿಸುತ್ತಾರೆ, ಅದರಲ್ಲೂ ಒಂದಿಷ್ಟು ಚಿಲ್ಲರೆ ಅಂಕ ಸಿಗುತ್ತದೆ. ಎಲೆಗಳು ಕೂಡಿ ಹದಿನೈದಾದರೆ ಎರಡು ಅಂಕ, ಜೋಡಿಗೆ ಎರಡು, ಒಂದರ ಹಿಂದೊಂದು ಸಾಲಾಗಿ ಬಂದರೆ ಎಷ್ಟು ಎಲೆಯೋ ಅಷ್ಟು. ರಾಜ, ರಾಣಿ, ಗುಲಾಮ, ಎಲ್ಲರೂ ಹತ್ತಕ್ಕೆ ಸಮ. ಹತ್ತರ ಬೆಲೆಯ ಎಲೆಗಳೇ ಕಟ್ಟಿನಲ್ಲಿ ಹದಿನಾರು. ಪಕ್ಕದಲ್ಲಿ ಒಂದು ಐದು ಇದ್ದರೆ ಸಾಕು, ಹದಿನೈದು ಆಯಿತು. ಅದಕ್ಕೇ ಐದು ಅಂದರೆ ಆಟಗಾರರಿಗೆ ಜೀವ.

ಟೈಂಕೀಪರು ಮೊದಲ ವಾರವೇ ಹೇಳಿಕೊಟ್ಟಿದ್ದರು: "ಐದನ್ನ ಯಾವತ್ತೂ ಹೊಸ್ತಿಲು ದಾಟಿಸಬೇಡ."

ಗಾಳಿಯಣ್ಣ ದಾಟಿಸಲಿಲ್ಲ. ಇಪ್ಪತ್ತಾರು ವರ್ಷ, ತೊಟ್ಟಿಲು ತನ್ನದಿರಲಿ ಎದುರಾಳಿಯದಿರಲಿ, ಐದು ಬಂದರೆ ಎದೆಗವಚಿಕೊಂಡ. ಡಿಪೋದ ವಾರ್ಷಿಕ ಪಂದ್ಯವನ್ನು ಎಂಟು ಸಲ ಗೆದ್ದ. ಟೈಂಕೀಪರು ನಿವೃತ್ತರಾದ ಮೇಲೆ ಹೊಸಬರಿಗೆ ಆಟ ಹೇಳಿಕೊಡುವ ಕೆಲಸವೂ ಅವನಿಗೇ ಬಂತು. ಅವನೂ ಹೊಸಬರಿಗೆ ಅದೇ ಮಾತು ಹೇಳಿದ, ಅದೇ ಗತ್ತಿನಲ್ಲಿ.

ಮಗಳಿಗೂ ಅವನೇ ಕಲಿಸಿದ್ದು. ಒಬ್ಬಳೇ ಮಗಳು. ಎಂಟು ವರ್ಷಕ್ಕೆ ಅವಳು ಹಲಗೆಯ ಮುಂದೆ ಕೂತಳು, ಹತ್ತು ವರ್ಷಕ್ಕೆ ಅಪ್ಪ ಬಿಟ್ಟ ಅಂಕ ಹಿಡಿದು ತೋರಿಸಿದಳು. ಈಗ ಇಪ್ಪತ್ತಾರರ ಅವಳು ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಒಂದು ಚೀಲ ಬೀಜ ಬಿತ್ತಿದರೆ ಎಷ್ಟು ಮೊಳೆಯುತ್ತದೆ ಎಂದು ಮೊದಲೇ ಹೇಳಬೇಕಾದ ಕೆಲಸ. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಡುವುದು, ಅಂಥ ನಾಲ್ಕು ನೂರು; ಕೆಲವು ದಿನ ಬಿಟ್ಟು ಮೊಳಕೆ ಎಣಿಸುವುದು. ನಾಲ್ಕು ನೂರೂ ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ಟರೆ ಚೀಲದ ಹಣೆಬರಹ ಬರೆದ ಹಾಗೆ. ಒಂದು ನೂರು ಬೇರೆ ರಾಗ ಹಾಡಿದರೆ ಪರೀಕ್ಷೆ ಮೊದಲಿಂದ. ಗಾಳಿಯಣ್ಣನಿಗೆ ಈ ಕೆಲಸ ಪೂರ್ತಿ ಅರ್ಥವಾಗಿರಲಿಲ್ಲ. "ಬೀಜ ಎಣಿಸೋದಕ್ಕೂ ಸಂಬಳ ಕೊಡ್ತಾರೆ" ಎಂದು ಡಿಪೋದಲ್ಲಿ ನಗುತ್ತಾ ಹೇಳುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಮಗಳು ಆಡುತ್ತಿದ್ದರು. ಹಂಚಿದ್ದು ಮಗಳು, ತೊಟ್ಟಿಲು ಅವಳದು. ಅವಳಿಗೆ ಏಳು, ಎಂಟು, ಎರಡು ಎಕ್ಕ, ಎರಡು ಐದು ಬಂದಿದ್ದವು. ಸ್ವಲ್ಪ ಹೊತ್ತು ನೋಡಿ ಎರಡೂ ಐದನ್ನು ತೊಟ್ಟಿಲಿಗೆ ಹಾಕಿಬಿಟ್ಟಳು. ಗಾಳಿಯಣ್ಣನಿಗೆ ಆಗ ಗೊತ್ತಾಗಲಿಲ್ಲ. ಅವನು ತನ್ನ ಕೈ ಚೆನ್ನಾಗಿ ಕೂಡಿಬರಲೆಂದು ಒಂದು ರಾಜ, ಒಂದು ಹತ್ತು ಎಸೆದಿದ್ದ. ಕತ್ತರಿಸಿದಾಗ ಬಂದದ್ದು ರಾಣಿ. ಕೊನೆಯಲ್ಲಿ ಮಗಳು ತೊಟ್ಟಿಲು ತೆರೆದಳು: ಎರಡು ಐದು, ಅವುಗಳ ಸುತ್ತ ಹತ್ತರ ಬೆಲೆಯ ಮೂರು. ಹದಿನಾಲ್ಕು ಅಂಕ. ಅಪ್ಪನ ರಾಜನೇ ಮಗಳ ತೊಟ್ಟಿಲು ತೂಗಿದ್ದ.

"ಐದು ಹಾಕಿದ್ಯಾ? ಯಾರು ಹೇಳಿಕೊಟ್ಟಿದ್ದು ನಿಂಗೆ?" ಎಂದ ಗಾಳಿಯಣ್ಣ.

"ಯಾರೂ ಇಲ್ಲಪ್ಪ. ಇಟ್ಕೊಂಡ್ರೂ ಕೈಯಲ್ಲಿ ನಾಲ್ಕೇ ಅಂಕ ಇತ್ತು, ಹಾಕಿದ್ರೂ ನಾಲ್ಕೇ. ತೊಟ್ಟಿಲು ಹೇಗೂ ನಂದು. ನನ್ನ ತೊಟ್ಟಿಲಿಗೆ ನಾನು ಒಳ್ಳೇದು ಹಾಕಿದ್ರೆ ತಪ್ಪೇನು ಅನ್ನಿಸ್ತು."

"ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ. ನಾಳೆ ಹೀಗೇ ಹಾಕಿ ನೋಡು, ಕೈ ಸುಟ್ಕೋತೀಯ."

"ಅದು ನಿಜ" ಎಂದಳು ಮಗಳು ತಣ್ಣಗೆ. "ಒಂದು ಸಲ ಆಗಿದ್ದಕ್ಕೆ ಏನೂ ಬೆಲೆ ಇಲ್ಲ. ನಾನೂರು ಸಲ ಹಾಕಿ ನೋಡೋಣ."

ಅವನು ತಮಾಷೆ ಅಂದುಕೊಂಡ. ಆದರೆ ಮರುದಿನ ಸಂಜೆ ಕೆಲಸದಿಂದ ಬಂದವಳೇ ಅಡುಗೆಮನೆಯ ಮೇಜು ಒರೆಸಿ, ಕಟ್ಟಿನಿಂದ ಎರಡು ಐದು ತೆಗೆದು ಪಕ್ಕಕ್ಕಿಟ್ಟಳು. ಉಳಿದದ್ದನ್ನು ಚೆನ್ನಾಗಿ ಕಲಸಿ, ಆರು ಎಲೆ ಎದುರಾಳಿಯ ಪಾಲಿಗೆ ಹಾಕಿದಳು. "ಅಪ್ಪ, ಎದುರಾಳಿ ನೀನು. ತೊಟ್ಟಿಲು ನಂದು. ನಂಗೆ ನಷ್ಟ ಆಗೋ ಹಾಗೆ ಎರಡೆಲೆ ಹಾಕು."

"ನಂಗೆ ಬೇರೆ ಕೆಲಸ ಇಲ್ವಾ?" ಎಂದು ಅವನು ಪತ್ರಿಕೆ ಎತ್ತಿಕೊಂಡ.

ಆಗ ಹೊಲಿಗೆ ಯಂತ್ರ ನಿಲ್ಲಿಸಿ ಹೆಂಡತಿ ಬಂದು ಕೂತಳು. ಮೊದಲ ನೂರನ್ನು ತಾಯಿ ಮಗಳೇ ಮುಗಿಸಿದರು, ನಾಲ್ಕು ಸಂಜೆ ಹಿಡಿಯಿತು. ಪ್ರತಿ ಸಲವೂ ತೊಟ್ಟಿಲ ಅಂಕ ಎಣಿಸಿ ಮಗಳು ಕಾಗದದ ಮೇಲೆ ಬರೆಯುವಳು. ಗಾಳಿಯಣ್ಣ ಪತ್ರಿಕೆಯ ಮರೆಯಲ್ಲೇ ಕೂತಿದ್ದ, ಆದರೆ ಪುಟ ತಿರುವಿದ ಸದ್ದು ಬರುತ್ತಿರಲಿಲ್ಲ. ನಾಲ್ಕನೇ ಸಂಜೆ, ನೂರು ಮುಗಿಯುವ ಹೊತ್ತಿಗೆ ತಡೆಯಲಾಗದೆ, "ಅಯ್ಯೋ, ಅಲ್ಲಿ ಏಳು ಎಂಟು ಒಟ್ಟಿಗೆ ಯಾಕೆ ಹಾಕ್ತೀಯೇ? ಹದಿನೈದನ್ನ ಕೈಯಾರೆ ಕೊಟ್ಟ ಹಾಗಾಯ್ತು" ಎಂದುಬಿಟ್ಟ.

"ಅಷ್ಟು ಗೊತ್ತಿರೋರು ಬಂದು ಕೂತ್ಕೊಳ್ಳಿ" ಎಂದು ಹೆಂಡತಿ ಎದ್ದಳು. "ನಂಗೆ ಪರದೆ ಕೆಲಸ ಬಾಕಿ ಇದೆ."

ಎರಡನೇ ನೂರು ಅವನೇ ಆಡಿದ. ಮಗಳ ತೊಟ್ಟಿಲು ಬರಿದು ಮಾಡಲು ಇಪ್ಪತ್ತಾರು ವರ್ಷದಲ್ಲಿ ಕಲಿತ ಕಳ್ಳವಿದ್ಯೆಯನ್ನೆಲ್ಲ ಹೊರಗೆ ತೆಗೆದ. ಹತ್ತಿರದ ಎರಡು ಎಲೆ ಒಟ್ಟಿಗೆ ಹಾಕಲಿಲ್ಲ, ಜೋಡಿ ಹಾಕಲಿಲ್ಲ, ತನ್ನ ಕೈ ಹಾಳಾದರೂ ಸರಿ ಎಂದು ಸಪ್ಪೆ ಎಲೆಗಳನ್ನೇ ಹುಡುಕಿ ಹಾಕಿದ. ಆದರೂ ಎರಡು ಐದರ ತೊಟ್ಟಿಲು ಬರಿದಾಗಲಿಲ್ಲ. ನೂರು ಸಲಕ್ಕೆ ಎಂಟುನೂರ ಎಂಬತ್ತರ ಹತ್ತಿರ ನಿಂತಿತು. ಮೂರನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಆಮೇಲೆ ಮಗಳು ಇನ್ನೊಂದು ಸುತ್ತು ಹಿಡಿದಳು: ಅಪ್ಪ ಸಾಮಾನ್ಯವಾಗಿ ತನ್ನ ತೊಟ್ಟಿಲಿಗೆ ಹಾಕುವಂಥ ಎಲೆ, ಎಂಟು ಒಂಬತ್ತೋ, ಎಂಟು ರಾಜನೋ, ಅಂಥವನ್ನೇ ಹಾಕಿ ನೋಡಿದಳು. ನೂರು ಸಲಕ್ಕೆ ನಾನೂರು, ನಾನೂರೈವತ್ತು, ಅಷ್ಟರಲ್ಲೇ ಮುಗಿಯಿತು. ಎರಡೂವರೆ ತಿಂಗಳ ಸಂಜೆಗಳು ಹೋದವು. ಎಲೆಗಳ ಮೂಲೆ ಸವೆದು ಮೆತ್ತಗಾದವು.

ಕೊನೆಗೆ ಮಗಳು ಕಾಗದಗಳನ್ನು ಅವನ ಮುಂದೆ ಹರಡಿದಳು. "ಕೈಯಲ್ಲಿ ಒಂದೆರಡು ಅಂಕ ಕಳ್ಕೋತೀಯಪ್ಪ, ಅದು ಸುಳ್ಳಲ್ಲ. ಆದ್ರೆ ತೊಟ್ಟಿಲಲ್ಲಿ ಅದಕ್ಕಿಂತ ಜಾಸ್ತಿ ಬರುತ್ತೆ. ಯಾವಾಗ್ಲೂ ಅಲ್ಲ. ರಾಜ ರಾಣಿ ಜೊತೆ ಐದು ಬಂದ್ರೆ ಕೈಲೇ ಇರ್ಲಿ. ತೊಟ್ಟಿಲು ಎದುರಾಳಿದಾದ್ರೆ ಖಂಡಿತ ಹಾಕಬೇಡ, ಅದರಲ್ಲಿ ನಿನ್ನ ಮಾತೇ ಸರಿ. ನಿನ್ನದೇ ತೊಟ್ಟಿಲಾಗಿ, ಉಳಿದ ನಾಲ್ಕೆಲೆ ತಮ್ಮ ಕಾಲ ಮೇಲೆ ನಿಲ್ಲೋ ಹಾಗಿದ್ರೆ ಮಾತ್ರ ಐದರ ಜೋಡಿ ಹಾಕ್ಬೇಕು."

ಗಾಳಿಯಣ್ಣ ಕಾಗದ ನೋಡಿದ. ಎರಡನೇ ನೂರರ ಪಕ್ಕದಲ್ಲಿ 'ಎದುರಾಳಿ: ಅಪ್ಪ, ತುಂಬಾ ಹುಷಾರಿ' ಎಂದು ಬರೆದಿತ್ತು. ಅದನ್ನು ಓದಿ ಅವನಿಗೆ ನಗು ಬಂತು. "ಆಯ್ತು ನೋಡೋಣ" ಎಂದು ಎದ್ದು ಹೋದ. ಹದಿನೈದು ದಿನ ಹಲಗೆ ಮುಟ್ಟಲಿಲ್ಲ. ಸರಿ ಎಂದು ಒಪ್ಪಿಕೊಂಡರೆ ಇಪ್ಪತ್ತಾರು ವರ್ಷ ತಪ್ಪಾಡಿದೆ ಎಂದಾಗುತ್ತದೆ. ಒಪ್ಪದಿರೋಣವೆಂದರೆ ಆ ನಾಲ್ಕು ನೂರರಲ್ಲಿ ಮೂರು ನೂರು ತನ್ನ ಕೈಯಿಂದಲೇ ಆದದ್ದು. ಹೆಂಡತಿ ಒಂದು ದಿನ, "ಟೈರು ಪಂಕ್ಚರ್ ಆದ್ರೆ ತೇಪೆ ಹಾಕ್ತೀರಿ. ನಿಮಗೇ ಆದ್ರೆ ಏನ್ ಮಾಡೋದು?" ಎಂದು ಕೇಳಿದಳು.

ಮುಂದಿನ ರಜೆಯ ದಿನ ಟೈಂಕೀಪರ ಮನೆಗೆ ಹೋದ. ಅವರಿಗೆ ಎಂಬತ್ತೊಂದು. ತಂಗಿಯ ಮನೆಯ ಮುಂಗೋಣೆಯಲ್ಲಿ, ಬೀದಿಗೆ ತೆರೆದ ಕಿಟಕಿಯ ಪಕ್ಕ ಕೂತು ಹೋಗಿಬರುವ ಬಸ್ಸುಗಳ ಹೊತ್ತು ನೋಡುತ್ತಿದ್ದರು. "ಹನ್ನೆರಡನೇ ನಂಬರು ಏಳು ನಿಮಿಷ ಲೇಟು" ಎಂದೇ ಸ್ವಾಗತಿಸಿದರು.

ಗಾಳಿಯಣ್ಣ ಕುಶಲ ವಿಚಾರಿಸಿ, ಚಹಾ ಕುಡಿದು, ಮೆಲ್ಲಗೆ ಕೇಳಿದ: "ಗುರುಗಳೇ, ಐದನ್ನ ಹೊಸ್ತಿಲು ದಾಟಿಸಬೇಡ ಅಂದಿದ್ರಲ್ಲ. ತೊಟ್ಟಿಲು ನಮ್ಮದೇ ಆಗಿದ್ರೂ ಹಾಗೇನಾ?"

ಟೈಂಕೀಪರು ಕನ್ನಡಕ ತೆಗೆದು ಒರೆಸಿಕೊಂಡರು. "ಅದನ್ನ ನಂಗೆ ಹೇಳಿದ್ದು ಹಡಗಿನ ಅಡುಗೆಯವನು. ಅವನಿಗೆ ಇನ್ಯಾರೋ ಹೇಳಿರ್ಬೇಕು. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ನಾನೂ ನಿಂಗೆ ಹೇಳ್ದೆ. ಯಾಕೆ, ಈಗ ಏನಾಯ್ತು?"

ಗಾಳಿಯಣ್ಣ ಜೇಬಿನಿಂದ ಮಡಿಸಿದ ಕಾಗದಗಳನ್ನು ತೆಗೆದ. ಮುದುಕರು ಅರ್ಧ ಗಂಟೆ ಅವನ್ನು ಓದಿದರು. ಎರಡು ಬಸ್ಸು ಹೋದವು, ತಲೆ ಎತ್ತಲಿಲ್ಲ.

"ಯಾರು ಮಾಡಿದ್ದು ಇದನ್ನ?"

"ನನ್ನ ಮಗಳು."

"ನಾವೆಲ್ಲ ಹೇಳಿದೋರು. ಇವಳು ಎಣಿಸಿದೋಳು" ಎಂದರು ಟೈಂಕೀಪರು. ಕಾಗದಗಳನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಆವತ್ತು ಗಾಳಿಯಣ್ಣ ಬಸ್ಸು ಹತ್ತದೆ ನಡೆದೇ ಮನೆಗೆ ಬಂದ. ದಾರಿಯುದ್ದಕ್ಕೂ ಆ ಕಾಗದದ ಮೇಲೆ ಅಂಗಿಯ ಹೊರಗಿನಿಂದ ಕೈ ಇಟ್ಟುಕೊಂಡಿದ್ದ.

ಆ ವರ್ಷದ ಪಂದ್ಯದಲ್ಲಿ ಅವನು ಎಂದಿನಂತೆ ಕೊನೆಯ ಆಟಕ್ಕೆ ಬಂದ. ಎದುರಿಗೆ ಬ್ರೇಕ್ ಮೇಸ್ತ್ರಿ. ಮಾತು ಕಮ್ಮಿ, ತಾಳ್ಮೆ ಜಾಸ್ತಿ. ಮೂರು ಸಲ ಗಾಳಿಯಣ್ಣನ ಎದುರು ಸೋತವನು. ಕ್ಯಾಂಟೀನಿನ ಉದ್ದ ಮೇಜಿನ ಸುತ್ತ ಡ್ರೈವರುಗಳು, ಮೆಕ್ಯಾನಿಕ್ಕುಗಳು, ತೊಳೆಯುವವರು ಎಲ್ಲ ಊಟದ ಡಬ್ಬಿ ಕೈಯಲ್ಲೇ ಹಿಡಿದು ನಿಂತಿದ್ದರು. ಗೆದ್ದವರಿಗೆ ಒಂದು ಸ್ಟೀಲಿನ ಫ್ಲಾಸ್ಕು. ಅದಕ್ಕಿಂತ ಮುಖ್ಯ, ವರ್ಷಪೂರ್ತಿ ಕ್ಯಾಂಟೀನಿನ ಗೋಡೆಯ ಮೇಲೆ ಹೆಸರು.

ಆಟ ಹಲಗೆಯ ಕೊನೆಯ ತೂತುಸಾಲಿಗೆ ಬಂದಾಗ ಹಂಚುವ ಸರದಿ ಗಾಳಿಯಣ್ಣನದು, ತೊಟ್ಟಿಲು ಅವನದು. ಎಲೆ ಎತ್ತಿಕೊಂಡ. ಆರು, ಏಳು, ಎಂಟು, ಒಂಬತ್ತು. ಮತ್ತೆ ಎರಡು ಐದು.

ಐದು, ಐದು, ಆರು, ಏಳು ಇಟ್ಟುಕೊಂಡರೆ ಕೈಯಲ್ಲಿ ಎಂಟು ಅಂಕ. ಆರರಿಂದ ಒಂಬತ್ತರವರೆಗಿನ ಸಾಲು ಇಟ್ಟುಕೊಂಡರೂ ಎಂಟೇ. ಹಳೆಯ ಕೈ ತಾನಾಗಿ ಎಂಟು ಒಂಬತ್ತರ ಕಡೆ ಹೋಯಿತು, ಬೆರಳು ಅವುಗಳ ಮೇಲೆ ಕೂತೂ ಆಯಿತು. ನಾಲ್ಕೆಲೆ ತಮ್ಮ ಕಾಲ ಮೇಲೆ ನಿಲ್ಲುವ ಹಾಗಿದ್ದರೆ, ಎಂದಿದ್ದಳು ಮಗಳು. ಇವು ನಿಂತಿದ್ದವು, ಸಿಪಾಯಿಗಳ ಹಾಗೆ. ಗಾಳಿಯಣ್ಣ ಬೆರಳು ಹಿಂದೆ ತೆಗೆದು, ಎರಡೂ ಐದನ್ನು ಮುಚ್ಚಿ ತೊಟ್ಟಿಲಿಗೆ ಹಾಕಿದ. ಅವನ ಬೆನ್ನ ಹಿಂದೆ ನಿಂತು ಎಲೆ ನೋಡುತ್ತಿದ್ದ ಸ್ಟೋರ್ ಕೀಪರ್ ಕೆಮ್ಮಿದ.

ಮೇಸ್ತ್ರಿ ಕಟ್ಟು ಕತ್ತರಿಸಿದ. ತೆರೆದದ್ದು ನಾಲ್ಕು.

ಕೆಟ್ಟ ಎಲೆ. ಸಾಲಿಗೂ ಸೇರದು, ಹದಿನೈದಕ್ಕೂ ಸೇರದು. ಎಲೆ ಇಳಿಸುವ ಆಟ ಮುಗಿದಾಗ ಗಾಳಿಯಣ್ಣನ ಕಡ್ಡಿ ನೂರಾ ಐದರಲ್ಲಿತ್ತು, ಮೇಸ್ತ್ರಿಯದು ನೂರಾ ಒಂಬತ್ತರಲ್ಲಿ. ಹಂಚದವನು ಮೊದಲು ಎಣಿಸಬೇಕು. ಮೇಸ್ತ್ರಿ ಸಣ್ಣ ಸಣ್ಣ ಎಲೆ ಇಟ್ಟುಕೊಂಡಿದ್ದವನು ಹತ್ತು ಅಂಕ ಎಣಿಸಿ ನೂರಾ ಹತ್ತೊಂಬತ್ತಕ್ಕೆ ಹೋದ. ಈಗ ಗಾಳಿಯಣ್ಣನಿಗೆ ಬೇಕಾದದ್ದು ಹದಿನಾರು. ಕೈಯಲ್ಲಿ ಎಂಟು. ತೊಟ್ಟಿಲು ತೆರೆದ: ಎರಡು ಐದು, ಮೇಸ್ತ್ರಿ ಹಾಕಿದ್ದ ರಾಜ ಮತ್ತು ಒಂಬತ್ತು. ಆರು ಅಂಕ. ಅವನೂ ನೂರಾ ಹತ್ತೊಂಬತ್ತರಲ್ಲಿ ನಿಂತ. ಇಬ್ಬರಿಗೂ ಎರಡೆರಡು ಸಾಕು.

ಮುಂದಿನ ಸಲ ಹಂಚಿದ್ದು ಮೇಸ್ತ್ರಿ. ಇಬ್ಬರೂ ಎರಡೆರಡು ಎಲೆ ಹಾಕಿದರು. ಕತ್ತರಿಸುವ ಸರದಿ ಗಾಳಿಯಣ್ಣನದು, ಕತ್ತರಿಸಿದ. ಮೇಸ್ತ್ರಿ ಮೇಲಿನ ಎಲೆ ತಿರುಗಿಸಿದ. ಗುಲಾಮ. ತೆರೆದ ಎಲೆ ಗುಲಾಮನಾದರೆ ಹಂಚಿದವನಿಗೆ ಎರಡು ಅಂಕ ಸುಮ್ಮನೆ ಬರುತ್ತದೆ, ಅದು ಈ ಆಟದ ಕಾನೂನು. ಮೇಸ್ತ್ರಿ ಕಡ್ಡಿಯನ್ನು ಕೊನೆಯ ತೂತಿಗೆ ಚುಚ್ಚಿದ. ಒಂದು ಎಲೆಯೂ ಇಳಿಯದೆ ಆಟ ಮುಗಿದುಹೋಗಿತ್ತು.

ಗದ್ದಲ ಎದ್ದಿತು. ಸ್ಟೋರ್ ಕೀಪರ್ ಆಗಲೇ ಬೆರಳು ಮಡಿಸಿ ಲೆಕ್ಕ ಮಾಡಿದ್ದ. "ಅಣ್ಣ, ಹಿಂದಿನ ಕೈಲಿ ಎರಡೂ ಐದನ್ನ ಇಟ್ಕೊಂಡಿದ್ರೆ ಆ ನಾಲ್ಕು ಬಂದು ಹದಿನಾಲ್ಕು ಆಗ್ತಿತ್ತು. ತೊಟ್ಟಿಲಲ್ಲಿ ಒಂಬತ್ತರ ಜೋಡಿಗೆ ಎರಡು. ಸರಿಯಾಗಿ ಹದಿನಾರು. ಅಲ್ಲೇ ಗೆದ್ದಿರ್ತಿದ್ರಿ. ಹೊಸ್ತಿಲು ದಾಟಿಸಬೇಡಿ ಅಂತ ನಮಗೆಲ್ಲ ಪಾಠ ಹೇಳಿ ನೀವೇ ದಾಟಿಸಿದ್ರಲ್ಲ?"

ಲೆಕ್ಕ ಸರಿಯಾಗಿತ್ತು. ಗಾಳಿಯಣ್ಣನಿಗೂ ಅದು ಗುಲಾಮ ಬೀಳುವ ಮೊದಲೇ ಗೊತ್ತಿತ್ತು. ಮೇಜಿನ ಸುತ್ತ ನಿಂತವರೆಲ್ಲ ಅವನ ಮುಖ ನೋಡುತ್ತಿದ್ದರು. ಕೈತಪ್ಪಿತು ಎನ್ನಬಹುದಿತ್ತು. ಕನ್ನಡಕ ತರಲಿಲ್ಲ, ಎಂಟೋ ಐದೋ ಸರಿಯಾಗಿ ಕಾಣಲಿಲ್ಲ ಎಂದರೂ ನಂಬುತ್ತಿದ್ದರು. ಎಂಟು ಸಲ ಗೆದ್ದವನ ಮಾನ ಅಷ್ಟರಲ್ಲೇ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು.

ಅವನು ಎದ್ದು ನಿಂತ. ಕಟ್ಟಿನಿಂದ ಆರು ಎಲೆ ಹುಡುಕಿ 'ಐದು, ಐದು, ಆರು, ಏಳು, ಎಂಟು, ಒಂಬತ್ತು' ಎಂದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ನಾಳೆ ಇದೇ ಆರೆಲೆ ಬಂದ್ರೂ ಇವೇ ಎರಡು ಹಾಕ್ತೀನಿ" ಎಂದು ಐದುಗಳನ್ನು ಮುಂದಕ್ಕೆ ತಳ್ಳಿದ. "ಇಷ್ಟು ವರ್ಷ ನಾನು ಹಾಕ್ಲಿಲ್ಲ, ನಿಮಗೂ ಹಾಕ್ಬೇಡಿ ಅಂದೆ. ಅದು ತಪ್ಪು. ತೊಟ್ಟಿಲು ನಮ್ಮದಾದಾಗ ಅದು ತಪ್ಪು. ನನ್ನ ಮಗಳು ನಾನೂರು ಸಲ ಎಲೆ ಹಾಕಿ ಎಣಿಸಿದಾಳೆ. ಅದರಲ್ಲಿ ಮುನ್ನೂರು ಸಲ ನಾನೇ ಎದುರಾಳಿ. ಅವಳನ್ನ ಸೋಲಿಸೋಕೆ ನಾನು ಪಟ್ಟ ಪಾಡು ನಂಗೊಬ್ಬನಿಗೇ ಗೊತ್ತು. ಆಗ್ಲಿಲ್ಲ."

"ಮತ್ತೆ ಇವತ್ತು ಸೋತ್ರಲ್ಲ ಅಣ್ಣ?" ಹಿಂದಿನಿಂದ ಯಾರೋ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಗಾಳಿಯಣ್ಣ ಆ ಕಡೆ ತಿರುಗಿದ. ನಕ್ಕವನು ಡ್ರೈವರ್.

"ದಿನಾ ಬೆಳಿಗ್ಗೆ ನಿನ್ನ ಗಾಡಿ ಟೈರು ನೋಡಿ ಕಳಿಸೋನು ಯಾರು?"

"ನೀವೇ ಅಣ್ಣ."

"ಹೋದ ತಿಂಗಳು ದಾರೀಲಿ ಮೊಳೆ ಚುಚ್ಚಿ ನಿನ್ನ ಗಾಡಿ ನಿಂತ್ಕೊಳ್ತು. ಬೆಳಿಗ್ಗೆ ನಾನು ಗಾಳಿ ನೋಡಿದ್ದು ತಪ್ಪಾಗಿತ್ತಾ?"

ಡ್ರೈವರ್ ಸ್ವಲ್ಪ ಯೋಚಿಸಿ, "ಇಲ್ಲ" ಎಂದ.

"ಇದೂ ಹಾಗೇ. ನಾನು ಹಾಕಿದ ಎಲೆ ಸರಿ. ಆಮೇಲೆ ಬಂದ ಎಲೆ ಮೊಳೆ. ಮೊಳೆ ಬಿತ್ತು ಅಂತ ನಾಳೆಯಿಂದ ಗಾಳಿ ನೋಡೋದು ಬಿಡ್ತೀನಾ?"

ಗಾಳಿಯಣ್ಣ ಮೇಸ್ತ್ರಿಯ ಕೈ ಕುಲುಕಿ, "ಚೆನ್ನಾಗಿ ಆಡ್ದೆ" ಎಂದು ಫ್ಲಾಸ್ಕನ್ನು ತಾನೇ ಎತ್ತಿ ಅವನ ಕೈಗೆ ಕೊಟ್ಟ. ಅಲ್ಲಿಂದ ಶೆಡ್ಡಿಗೆ ಹೋಗುವಾಗ ಅವನಿಗೆ ಒಂದು ವಿಚಿತ್ರ ಅನ್ನಿಸಿತು: ಎಂಟು ಸಲ ಗೆದ್ದು ಇದೇ ಬಾಗಿಲು ದಾಟಿದ್ದ, ಒಂದು ಸಲವೂ ಎದೆ ಇಷ್ಟು ಅಗಲವಾಗಿರಲಿಲ್ಲ.

ಮನೆಯಲ್ಲಿ ಮಗಳು ಬಾಗಿಲು ತೆಗೆದಳು. ಅಪ್ಪನ ಬರಿಗೈ ನೋಡಿದಳು.

"ಸೋತೆ" ಎಂದ ಅವನು ಚಪ್ಪಲಿ ಬಿಡುತ್ತಾ.

"ಹೇಗೆ?"

ಆರು ಎಲೆ ಹೇಳಿದ, ಹಾಕಿದ ಎರಡು ಹೇಳಿದ, ಕತ್ತರಿಸಿದ ನಾಲ್ಕು ಹೇಳಿದ. ಅವಳು ಮನಸ್ಸಿನಲ್ಲೇ ಎಣಿಸಿದ್ದು ಅವಳ ಮುಖದಲ್ಲಿ ಕಂಡಿತು. "ಅಯ್ಯೋ, ಇಟ್ಕೊಂಡಿದ್ರೆ ಹದಿನಾರು. ನನ್ನಿಂದ ಸೋತ್ಯಾ ಅಪ್ಪ?"

"ನಿನ್ನಿಂದ ಅಲ್ಲ, ಗುಲಾಮನಿಂದ" ಎಂದು ಅವನು ಮುಖ ತೊಳೆಯಲು ಹೋದ. ಕ್ಯಾಂಟೀನಿನಲ್ಲಿ ಆಡಿದ ಮಾತು ಯಾವುದನ್ನೂ ಹೇಳಲಿಲ್ಲ. ಹೊರಗೆ ಊರಗಲ ಬಾಯಿದ್ದವನಿಗೆ ಮನೆಯಲ್ಲಿ, ಅದೂ ಮಗಳ ಎದುರು, ಅಂಥ ಮಾತಿಗೆ ಬಾಯಿ ಬರುತ್ತಿರಲಿಲ್ಲ.

ಅದನ್ನು ಹೇಳಿದ್ದು ಬ್ರೇಕ್ ಮೇಸ್ತ್ರಿ. ಮುಂದಿನ ಭಾನುವಾರ ಬೆಳಿಗ್ಗೆ ಅವನು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಒಂದು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಇನ್ನೊಂದರಲ್ಲಿ ಹೊಸ ಇಸ್ಪೀಟು ಕಟ್ಟು. ಚಹಾ ಬರುವ ಮೊದಲೇ, ಕಮ್ಮಿ ಮಾತಿನವನು ಕಮ್ಮಿ ಮಾತಿನಲ್ಲೇ, ಅಪ್ಪ ಮೇಜಿನ ಮೇಲೆ ಆರು ಎಲೆ ಹೇಗೆ ಇಟ್ಟ, ಡ್ರೈವರಿಗೆ ಏನು ಕೇಳಿದ ಎಲ್ಲ ಹೇಳಿ ಮುಗಿಸಿದ. ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ಕಿಟಕಿಯಾಚೆ ಏನೋ ಮಹತ್ವದ್ದು ನಡೆಯುತ್ತಿದೆ ಎಂಬಂತೆ ಹೊರಗೆ ನೋಡುತ್ತಿದ್ದ. ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ, "ಇವತ್ತು ನಾನು ಚುಚ್ಚೋದಿಲ್ಲ, ಇರ್ಲಿ ಆ ಗಾಳಿ" ಎಂದಳು.

ಮೇಸ್ತ್ರಿ ಮಗಳ ಎದುರು ಕೂತ. ಅವಳು ಕಾಗದಗಳನ್ನು ತಂದು ನೂರು ನೂರಾಗಿ ತೋರಿಸಿದಳು, ಯಾವಾಗ ಹಾಕಬೇಕು, ಯಾವಾಗ ಕೂಡದು ಎಂದು ಎಲೆ ಇಟ್ಟು ವಿವರಿಸಿದಳು. ಎರಡರ ಎಲೆ, ಮೂರರ ಎಲೆ ಒಟ್ಟಿಗೆ ಬಂದರೆ ತೊಟ್ಟಿಲಿಗೆ ಹಾಕಬೇಕೋ ಬೇಡವೋ ಎಂದು ಅವನು ಕೇಳಿದ; ಅವಳು, "ಅದನ್ನ ಇನ್ನೂ ಎಣಿಸಿಲ್ಲ, ಎಣಿಸದೆ ಹೇಳಲ್ಲ" ಎಂದಳು. ಮೇಸ್ತ್ರಿಗೆ ಆ ಉತ್ತರ ಹಿಡಿಸಿತು. ಇಬ್ಬರೂ ಅಲ್ಲೇ ಒಂದು ಹೊಸ ನೂರು ಶುರುಮಾಡಿದರು. ಗಾಳಿಯಣ್ಣ ಚಹಾದ ಲೋಟ ಎತ್ತಿದ, ಕಿಟಕಿ ಸರಿಯಾಗಿ ತೆರೆದು ಮೇಜಿಗೆ ಬೆಳಕು ಬೀಳುವಂತೆ ಮಾಡಿದ, ಪೆನ್ಸಿಲಿನ ಮೊನೆ ಮೊಂಡಾದಾಗ ಚೂಪು ಮಾಡಿಕೊಟ್ಟ. ಎಲೆಗೆ ಕೈ ಹಾಕಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಮೇಸ್ತ್ರಿಯ ಕೈಯಲ್ಲಿ ತೊಡಕಿನ ಆರು ಎಲೆ ಬಂದವು. ಎರಡು ಎತ್ತಿದ, ಮತ್ತೆ ಇಟ್ಟ. ಬೇರೆ ಎರಡು ಎತ್ತಿದ. ಕೊನೆಗೆ ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ಎಲೆ ಚಾಚಿ, "ಅಣ್ಣ, ಇದರಲ್ಲಿ ಯಾವ್ದು ಹಾಕ್ಲಿ?" ಎಂದು ಕೇಳಿದ.

ಗಾಳಿಯಣ್ಣ ಎಲೆ ನೋಡಲೇ ಇಲ್ಲ. "ಅವಳನ್ನೇ ಕೇಳು" ಎಂದ.